ಚಮಚದ ಲೆಕ್ಕ, ಸೌಟಿನ ಲೆಕ್ಕ

ಊಟದ ಕ್ರಮ ಬದಲಿಸುವ ಬಗ್ಗೆ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರು ಬರೆದ ಪತ್ರಗಳಲ್ಲಿ ಏಳನ್ನು ಈ ಸಲ ಆರಿಸಿದ್ದೇವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕಿಡ್ನಿ ತೊಂದರೆಗೆ ಮದ್ದು ತೆಗೆದುಕೊಳ್ಳುತ್ತಿರುವವರು ಇಲ್ಲಿ ಓದಿದ್ದನ್ನು ಶುರುಮಾಡುವ ಮೊದಲು ತಮ್ಮ ಡಾಕ್ಟರಲ್ಲಿ ಒಮ್ಮೆ ಕೇಳಿಕೊಳ್ಳಿ.

ಪ್ರಶ್ನೆ: ನನಗೆ 42 ವರ್ಷ, ತೂಕ 71 ಕೆ.ಜಿ. ಬಿಸು ಹಬ್ಬದಿಂದ ಈಚೆಗೆ ಮೂರು ಸಲ ಡಯಟ್ ಶುರುಮಾಡಿದೆ. ಅನ್ನದ ಬದಲು ಚಪಾತಿ, ಚಾಕ್ಕೆ ಸಕ್ಕರೆ ಇಲ್ಲ, ಕರಿದದ್ದು ಇಲ್ಲ, ಸಂಜೆ ಏಳರ ಮೇಲೆ ಊಟ ಇಲ್ಲ. ಹತ್ತು ದಿನ ಸರಿಯಾಗಿ ನಡೆಯುತ್ತದೆ. ನೆಂಟರು ಬಂದರೆ ಅಥವಾ ಮನೆಯಲ್ಲಿ ಒಂದು ಪೂಜೆ ಆದರೆ ಎಲ್ಲ ಬಿಟ್ಟುಹೋಗುತ್ತದೆ. ನನ್ನ ಮನಸ್ಸು ಗಟ್ಟಿ ಇಲ್ಲವೇ?
– ಗೃಹಿಣಿ, ನೀರ್ಚಾಲು

ಉತ್ತರ: ಮನಸ್ಸಿನ ದೋಷವಲ್ಲ. ನೀವು ಒಂದೇ ದಿನ ನಾಲ್ಕು ಅಭ್ಯಾಸಗಳನ್ನು ಬದಲಿಸಿದ್ದೀರಿ. ಹಳೆಯ ಅಭ್ಯಾಸ ಯೋಚಿಸದೆ ನಡೆಯುತ್ತದೆ, ಹೊಸದನ್ನು ಪ್ರತಿ ಸಲವೂ ನೆನಪಿಟ್ಟು ಮಾಡಬೇಕು. ನೆಂಟರಿಗೆ ಬಡಿಸುವ ಗಡಿಬಿಡಿಯಲ್ಲಿ ನಾಲ್ಕು ಸಂಗತಿ ನೆನಪಿಡುವುದು ಯಾರಿಂದಲೂ ಆಗದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿ 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತಿನ್ನುವ, ಕುಡಿಯುವ ಅಥವಾ ವ್ಯಾಯಾಮದ ಒಂದೇ ಒಂದು ಕೆಲಸವನ್ನು ದಿನಾ ಅದೇ ಸಂದರ್ಭದಲ್ಲಿ ಮಾಡಬೇಕಿತ್ತು. ಅದು ತಾನಾಗಿ ನಡೆಯುವಷ್ಟು ರೂಢಿಯಾಗಲು ಹಿಡಿದ ಕಾಲದ ಮಧ್ಯಮ ಲೆಕ್ಕ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ. ಹತ್ತು ದಿನಕ್ಕೆ ಅಭ್ಯಾಸ ಕೂಡಲಿಲ್ಲ ಎಂದು ಬೇಸರಿಸಬೇಡಿ, ಹತ್ತು ದಿನಕ್ಕೆ ಅದು ಕೂಡುವುದೂ ಇಲ್ಲ.

ನಾಲ್ಕರಲ್ಲಿ ಮೂರನ್ನು ಸದ್ಯ ಬಿಟ್ಟು ಚಾದ ಸಕ್ಕರೆಯನ್ನು ಮಾತ್ರ ಹಿಡಿಯಿರಿ. ಚಾ ದಿನಾ ಅದೇ ಹೊತ್ತಿಗೆ, ಅದೇ ಒಲೆಯ ಮುಂದೆ ಆಗುವ ಕೆಲಸವಾದ್ದರಿಂದ ನೆನಪಿಸಲು ಬೇರೆ ಏನೂ ಬೇಡ. ಚಪಾತಿಯ ಆಸೆಯನ್ನಂತೂ ಬಿಟ್ಟೇಬಿಡಿ. ಎರಡು ಚಪಾತಿಯಲ್ಲಿರುವ ಕ್ಯಾಲೊರಿ ಒಂದು ಕಪ್ ಅನ್ನದಲ್ಲಿರುವಷ್ಟೇ, ತುಪ್ಪ ಸವರಿದರೆ ಜಾಸ್ತಿ.

ದಿನಕ್ಕೆ ನಾಲ್ಕು ಚಾ, ಒಂದಕ್ಕೆ ಎರಡು ಚಮಚ ಸಕ್ಕರೆ ಎಂದು ಹಿಡಿಯೋಣ. ಗೋಪುರದಂತೆ ತುಂಬಿದ ಚಮಚದಲ್ಲಿ ಸುಮಾರು 6 ಗ್ರಾಂ ಇರುತ್ತದೆ, ಮಟ್ಟಸ ಮಾಡಿದರೆ 4 ಗ್ರಾಂ. ಅಂದರೆ ಈಗ ದಿನಕ್ಕೆ 48 ಗ್ರಾಂ. ಮೇಲಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ಮೀರಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೊದಲ ಎರಡು ವಾರ ಚಮಚಗಳ ಸಂಖ್ಯೆ ಕಡಿಮೆ ಮಾಡಬೇಡಿ. ಚೂರಿಯ ಬೆನ್ನಿನಿಂದ ಚಮಚದ ಮೇಲಿನ ಗೋಪುರವನ್ನು ಡಬ್ಬಿಗೇ ಸವರಿಬಿಡಿ, ಸಾಕು. ಅಷ್ಟಕ್ಕೇ 48 ಇದ್ದದ್ದು 32ಕ್ಕೆ ಇಳಿಯಿತು. ಆಮೇಲೆ ಮೂರು ವಾರ ಒಂದೂವರೆ ಚಮಚ, ಇನ್ನೂ ಮೂರು ವಾರ ಕಳೆದ ಮೇಲೆ ಒಂದು ಚಮಚ. ಅಲ್ಲಿಗೆ ಸಕ್ಕರೆ ದಿನಕ್ಕೆ 16 ಗ್ರಾಂಗೆ ಇಳಿಯಿತು, ಸುಮಾರು 130 ಕ್ಯಾಲೊರಿ ಉಳಿತಾಯ. ನಾಲಿಗೆ ಈ ವೇಗಕ್ಕೆ ಹೊಂದಿಕೊಳ್ಳುತ್ತದೆ. ಮೂರು ತಿಂಗಳ ಮೇಲೆ ಹಳೆಯ ಚಾ ಕುಡಿದು ನೋಡಿ, ಪಾನಕದ ಹಾಗೆ ಅನಿಸುತ್ತದೆ.

ಇದು ಕೆಡುವುದು ಎಲ್ಲಿ ಅಂದರೆ, ನಮ್ಮ ಮನೆಗಳಲ್ಲಿ ಸಕ್ಕರೆ ಬೀಳುವುದು ಲೋಟಕ್ಕಲ್ಲ, ಪಾತ್ರೆಗೆ. ಹಾಗಾಗಿ ನಿಮ್ಮ ಪಾಲನ್ನು ಲೋಟಕ್ಕೆ ಬಗ್ಗಿಸಿಕೊಂಡ ಮೇಲೆ ಉಳಿದದ್ದಕ್ಕೆ ಸಕ್ಕರೆ ಹಾಕಿ. ಇನ್ನೊಂದು, ಚಾಪುಡಿಯನ್ನು ತುಂಬ ಹೊತ್ತು ಕುದಿಸಿದರೆ ಒಗರು ಬಿಡುತ್ತದೆ, ಆ ಒಗರನ್ನು ಮುಚ್ಚಲೆಂದೇ ಸಕ್ಕರೆ ಜಾಸ್ತಿ ಬೇಕಾಗುತ್ತದೆ. ಪುಡಿ ಸ್ವಲ್ಪ ಕಡಿಮೆ ಹಾಕಿ, ಕುದಿ ಬಂದ ಎರಡು ನಿಮಿಷಕ್ಕೆ ಇಳಿಸಿ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಲೆಕ್ಕ ಬದಲಾಗುವುದಿಲ್ಲ, ಅದೂ ಸಕ್ಕರೆಯೇ. ಚಾದ ಜೊತೆಗಿನ ಬಿಸ್ಕತ್ತು ಮೊದಲಿನಷ್ಟೇ ಇರಲಿ, ಸಕ್ಕರೆ ಕಡಿಮೆ ಆಯಿತೆಂದು ಎರಡು ಹೆಚ್ಚು ತಿಂದರೆ ಮಾಡಿದ್ದೆಲ್ಲ ಹೋಯಿತು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯಿರಿ. ತಪ್ಪಿದ ದಿನ ಖಾಲಿ ಬಿಡಿ, ಮರುದಿನ ಉಪವಾಸ ಮಾಡಿ ಸರಿದೂಗಿಸಲು ಹೋಗಬೇಡಿ. ತೂಕ ವಾರಕ್ಕೆ ಒಮ್ಮೆ, ಬೆಳಗ್ಗೆ ಏನೂ ತಿನ್ನುವ ಮೊದಲು ನೋಡಿದರೆ ಸಾಕು. ಚಮಚ ತಾನಾಗಿ ಒಂದಕ್ಕೇ ನಿಲ್ಲುತ್ತದೆ ಎಂದಾದ ಮೇಲೆ ಎರಡನೆಯ ಬದಲಾವಣೆಗೆ ಕೈಹಾಕಿ.

ಪ್ರಶ್ನೆ: 58 ವರ್ಷದ ಕೃಷಿಕ. ಎಚ್‌ಬಿಎ1ಸಿ (ರಕ್ತದ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆ) 6.2 ಬಂದಿದೆ, ಮದ್ದು ಸದ್ಯ ಬೇಡ ಎಂದರು. ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ, ರಾತ್ರಿ ಅನ್ನ. ನೆರೆಯವರು ಕುಚ್ಚಲಕ್ಕಿ ಬಿಟ್ಟು ಓಟ್ಸ್ ತಿನ್ನಿ ಎನ್ನುತ್ತಾರೆ.
– ಮುಳ್ಳೇರಿಯ

ಉತ್ತರ: 5.7ರಿಂದ 6.4ರ ವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಇಲ್ಲಿಂದ ಹಿಂದೆ ಬರಲು ಸಾಧ್ಯವಿದೆ, ಅದಕ್ಕೆ ಕುಚ್ಚಲಕ್ಕಿ ಬಿಡಬೇಕಾಗಿಲ್ಲ. ಭತ್ತವನ್ನು ಸಿಪ್ಪೆಯ ಸಮೇತ ನೆನೆಸಿ ಬೇಯಿಸಿ ಒಣಗಿಸುವಾಗ ತವುಡಿನಲ್ಲಿರುವ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಗಿರಣಿಯಲ್ಲಿ ತವುಡು ಹೋದರೂ ಅದು ಉಳಿಯುತ್ತದೆ. ಭತ್ತ ಬೇಯಿಸದೆ ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಆ ಲಾಭವಿಲ್ಲ. ಆದರೆ ಕೆಂಪಾಗಲಿ ಬಿಳಿಯಾಗಲಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದೇ ಇದೆ. ನಿಮ್ಮ ತೊಂದರೆ ಇರುವುದು ಅಕ್ಕಿಯ ಜಾತಿಯಲ್ಲಲ್ಲ, ಮೂರು ಹೊತ್ತೂ ಅದರ ಜೊತೆಗೆ ಬೇರೇನೂ ಇಲ್ಲದಿರುವುದರಲ್ಲಿ. ಗಂಜಿ, ಉಪ್ಪಿನಕಾಯಿ ಅಂದರೆ ಅಕ್ಕಿ ಮತ್ತು ಉಪ್ಪು, ಅಷ್ಟೇ.

ಮೊದಲು ಮಧ್ಯಾಹ್ನದ ಊಟ ಹಿಡಿಯಿರಿ. ತಟ್ಟೆಗೆ ಅನ್ನಕ್ಕಿಂತ ಮೊದಲು ಪಲ್ಯ ಬೀಳಲಿ, ಒಂದು ಸೌಟು ಇದ್ದಲ್ಲಿ ಎರಡು. ಆಮೇಲೆ ಅನ್ನ, ಮೂರು ಸೌಟು ಇದ್ದಲ್ಲಿ ಎರಡೂವರೆ. ಬಡಿಸುವ ಸೌಟು ಬದಲಿಸಬೇಡಿ. ಸಣ್ಣ ಸೌಟಿನಲ್ಲಿ ನಾಲ್ಕು ಬಾರಿ ಹಾಕಿಕೊಂಡರೆ ಲೆಕ್ಕ ತಪ್ಪುತ್ತದೆ. ಪಲ್ಯ ಅಂದರೆ ತೊಂಡೆ, ಅಲಸಂಡೆ, ಹರಿವೆ, ಬಾಳೆದಿಂಡು. ಬಟಾಟೆಯೂ ಗೆಣಸೂ ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಅನ್ನದ ಪಾಲಿಗೆ ಸೇರುತ್ತವೆ. ಮೂರು ವಾರ ಇದೊಂದೇ ಸಾಕು. ಇಷ್ಟು ರೂಢಿಯಾದ ಮೇಲೆ ರಾತ್ರಿಗೂ ಹಾಗೆಯೇ ಮಾಡಿ.

ಬೆಳಗ್ಗಿನ ಗಂಜಿಯ ಸರದಿ ಆರು ವಾರ ಕಳೆದ ಮೇಲೆ. ಗಂಜಿ ಇರಲಿ, ಪಕ್ಕಕ್ಕೆ ಬೇಯಿಸಿದ ಹೆಸರುಕಾಳು ಅಥವಾ ಹುರುಳಿ ಬರಲಿ. ಒಬ್ಬರಿಗೆ ಒಣ ಕಾಳು 30 ಗ್ರಾಂ, ಅಂದರೆ ಸಣ್ಣ ಹಿಡಿಯಷ್ಟು. ಅದರಲ್ಲಿ ಸುಮಾರು 7 ಗ್ರಾಂ ಪ್ರೋಟೀನು ಸಿಗುತ್ತದೆ. ಹೆಸರನ್ನು 8 ಗಂಟೆ, ಹುರುಳಿಯನ್ನು 12 ಗಂಟೆ ನೆನೆಸಿ, ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸಿ. ಹೆಚ್ಚಿನವರು ಕಾಳು ಶುರುಮಾಡಿ ವಾರದಲ್ಲೇ ಬಿಡುವುದು ಹೊಟ್ಟೆ ಉಬ್ಬರಕ್ಕೆ. ಕರುಳಿಗೆ ನಾರು ಅಭ್ಯಾಸವಿಲ್ಲದಿದ್ದಾಗ ಒಮ್ಮೆಲೇ ಒಂದು ಬಟ್ಟಲು ಹಾಕಿದರೆ ಗ್ಯಾಸ್ ಆಗಿಯೇ ಆಗುತ್ತದೆ. ಮೊದಲ ವಾರ ಬೆಂದ ಕಾಳು ಎರಡು ದೊಡ್ಡ ಚಮಚ, ಅದೂ ದಿನ ಬಿಟ್ಟು ದಿನ. ವಾರಕ್ಕೆ ಒಂದು ಚಮಚದಂತೆ ಏರಿಸಿ, ನೀರು ಸಾಕಷ್ಟು ಕುಡಿಯಿರಿ. ಓಟ್ಸ್ ಇಷ್ಟವಿದ್ದರೆ ತಿನ್ನಬಹುದು, ಇಷ್ಟವಿಲ್ಲದ್ದನ್ನು ಹಣ ಕೊಟ್ಟು ತಂದು ತಿನ್ನುವ ಅಗತ್ಯವಿಲ್ಲ.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಹಾಗಾಗಿ ಮೂರು ತಿಂಗಳ ಮೊದಲು ಮತ್ತೆ ಪರೀಕ್ಷಿಸಿ ಪ್ರಯೋಜನವಿಲ್ಲ. ಇದನ್ನು ಓದುತ್ತಿರುವ ಇತರರಿಗೆ ಒಂದು ಎಚ್ಚರಿಕೆ: ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಕಡಿಮೆ ಮಾಡಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು ಅದರ ಲಕ್ಷಣ. ಆಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿದು, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಮದ್ದಿನ ಪ್ರಮಾಣವನ್ನು ಡಾಕ್ಟರೇ ಹೊಂದಿಸಬೇಕು.

ಪ್ರಶ್ನೆ: ಮಂಗಳೂರಲ್ಲಿ ಕೆಲಸ, ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ಬೆಳಗ್ಗೆ ತಿನ್ನಲು ಹೊತ್ತಿಲ್ಲ. ಹನ್ನೊಂದಕ್ಕೆ ಎರಡು ಪರೋಟ, ರಾತ್ರಿ ಮನೆಗೆ ಬಂದು ಹೊಟ್ಟೆ ಬಿರಿಯುವಷ್ಟು ಊಟ. ಎಲ್ಲಿಂದ ಶುರುಮಾಡಲಿ?
– 27 ವರ್ಷ, ಉಪ್ಪಳ

ಉತ್ತರ: ಪರೋಟದಿಂದ ಶುರುಮಾಡಬೇಡಿ. ಹಸಿದ ಹೊಟ್ಟೆಯಲ್ಲಿ ಹನ್ನೊಂದು ಗಂಟೆಗೆ ಕ್ಯಾಂಟೀನಿನ ಮುಂದೆ ನಿಂತು ತೀರ್ಮಾನ ಮಾಡಲು ಹೋದರೆ ಸೋಲು ಖಂಡಿತ. ತೀರ್ಮಾನ ಹಿಂದಿನ ರಾತ್ರಿಯೇ ಆಗಬೇಕು. ಮಲಗುವ ಮೊದಲು ಎರಡು ಮೊಟ್ಟೆ ಬೇಯಿಸಿ ಫ್ರಿಜ್ಜಿನಲ್ಲಿಡಿ, ಪಕ್ಕದಲ್ಲೇ ಖಾಲಿ ಡಬ್ಬಿ ಇರಲಿ. ಬೆಳಗ್ಗೆ ಚಪ್ಪಲಿ ಹಾಕುವ ಮೊದಲು ಮೊಟ್ಟೆ, ಒಂದು ಬಾಳೆಹಣ್ಣು ಡಬ್ಬಿಗೆ, ಡಬ್ಬಿ ಚೀಲಕ್ಕೆ. ರೈಲು ಹತ್ತಿ ಕೂತ ಕೂಡಲೇ ತಿನ್ನಿ. ನಮ್ಮ ಸೆಕೆಗೆ ಮೊಟ್ಟೆಯನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು. ಮೊಟ್ಟೆ ತಿನ್ನದವರಿಗೆ ಬೇಯಿಸಿದ ನೆಲಗಡಲೆ ಒಂದು ಹಿಡಿ. ಇಡ್ಲಿ ಒಯ್ಯುವುದಾದರೆ ಕಾಯಿ ಚಟ್ನಿ ಬೇಡ, ಬೇಗ ಹಳಸಬಹುದು. ಚಟ್ನಿಪುಡಿ ಒಳ್ಳೆಯದು.

ತಿಂಗಳೊಳಗೆ ಹನ್ನೊಂದರ ಹಸಿವು ತಾನಾಗಿ ಸಣ್ಣದಾಗುತ್ತದೆ. ಆಗ ಎರಡು ಪರೋಟ ಒಂದಾಗಲಿ, ಬರೀ ಗ್ರೇವಿಯ ಬದಲು ಕಡಲೆ ಕರಿ ಬರಲಿ. ರಾತ್ರಿಯ ಊಟ ಹದಕ್ಕೆ ಬರಬೇಕಾದರೆ ಸಂಜೆಗೆ ಏನಾದರೂ ಬೇಕು. ಸ್ಟೇಷನ್ನಿಗೆ ಬಂದ ಕೂಡಲೇ 30 ಗ್ರಾಂ ಹುರಿಗಡಲೆ, ಒಂದು ಲೋಟ ನೀರು. ರೈಲು ಇಳಿದ ಮೇಲೆ ಗೋಬಿ ಮಂಚೂರಿಯ ಗಾಡಿ ದಾಟಿಹೋಗಲು ಅಷ್ಟು ಸಾಕು.

ಪ್ರಶ್ನೆ: ಮಾವನವರಿಗೆ ರಕ್ತದೊತ್ತಡ, ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಮನೆಯಲ್ಲಿ ನಾವು ಆರು ಮಂದಿ ದೊಡ್ಡವರು. ಒಂದು ದಿನ ಹುಳಿಗೆ ಅರ್ಧ ಉಪ್ಪು ಹಾಕಿದೆ, ಎಲ್ಲರೂ ತಟ್ಟೆಗೆ ಮೇಲಿನಿಂದ ಹಾಕಿಕೊಂಡರು. ಅತ್ತೆಗೂ ಬೇಸರವಾಯಿತು.
– ಪೆರ್ಲದ ಓದುಗರು

ಉತ್ತರ: ಅರ್ಧಕ್ಕೆ ಇಳಿಸಿದ್ದೇ ತಪ್ಪಾಯಿತು. ಉಪ್ಪು ಹತ್ತನೇ ಒಂದು ಪಾಲು ಕಡಿಮೆಯಾದರೆ ನಾಲಿಗೆಗೆ ಸುಲಭದಲ್ಲಿ ಗೊತ್ತಾಗುವುದಿಲ್ಲ. ಅರ್ಧವಾದರೆ ಎಲ್ಲರಿಗೂ ಗೊತ್ತಾಗುತ್ತದೆ, ಮೇಲಿನಿಂದ ಹಾಕಿಕೊಂಡದ್ದು ಕೆಲವೊಮ್ಮೆ ಮೊದಲಿಗಿಂತಲೂ ಹೆಚ್ಚಾಗುತ್ತದೆ.

ಮೊದಲು ಈಗ ಎಷ್ಟು ಆಗುತ್ತಿದೆ ಎಂದು ನೋಡಿ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆಯಿರಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮಿತಿ. ಆರು ಮಂದಿಗೆ ತಿಂಗಳಿಗೆ 900 ಗ್ರಾಂ. ಒಂದು ಕೆ.ಜಿ. ಪ್ಯಾಕೆಟ್ 17 ದಿನಕ್ಕೆ ಮುಗಿದರೆ ತಲಾ ಸುಮಾರು 10 ಗ್ರಾಂ ಆಗುತ್ತಿದೆ ಎಂದರ್ಥ. ಹಪ್ಪಳ, ಮಿಕ್ಸ್ಚರ್, ಪೇಟೆಯ ಉಪ್ಪಿನಕಾಯಿಯ ಉಪ್ಪು ಇದಕ್ಕೆ ಸೇರಿಲ್ಲ. ಮಿಡಿ ಹಾಕಲು ತಂದ ಉಪ್ಪನ್ನು ಬೇರೆಯೇ ಇಡಿ.

ಆಮೇಲೆ ಕೈ ಅಂದಾಜು ಬಿಟ್ಟು ಚಮಚ ಹಿಡಿಯಿರಿ. ಇದರಲ್ಲಿ ಅತ್ತೆಯವರನ್ನು ಸೇರಿಸಿಕೊಳ್ಳದೆ ಆಗದು. ವರ್ಷಗಳ ಕೈ ಅಳತೆ ಅವರದ್ದು, ಅವರು ಹಾಕುವ ಉಪ್ಪನ್ನು ಒಂದು ವಾರ ಒಟ್ಟಿಗೆ ನಿಂತು ಚಮಚದಲ್ಲಿ ಅಳೆಯಿರಿ. ಹುಳಿಗೆ ನಾಲ್ಕು ಮಟ್ಟಸ ಚಮಚ ಆಗುತ್ತದೆ ಎಂದಾದರೆ ಮೂರೂವರೆಗಿಂತ ಸ್ವಲ್ಪ ಮೇಲೆ ನಿಲ್ಲಿಸಿ, ಎರಡು ವಾರ ಅಷ್ಟೇ. ಮತ್ತೆರಡು ವಾರಕ್ಕೆ ಇನ್ನಷ್ಟು ಇಳಿಸಿ. ಎರಡರಿಂದ ಮೂರು ತಿಂಗಳಲ್ಲಿ ನಾಲಿಗೆ ಹೊಸ ಹದಕ್ಕೆ ಕೂಡುತ್ತದೆ. ಕಲ್ಲುಪ್ಪು, ಪುಡಿಯುಪ್ಪು ಬದಲಿಸುತ್ತ ಇರಬೇಡಿ. ಕಲ್ಲುಪ್ಪಿನ ಹರಳುಗಳ ನಡುವೆ ಎಡೆ ಇರುವುದರಿಂದ ಅದೇ ಚಮಚಕ್ಕೆ ತೂಕ ಕಡಿಮೆ ಬರುತ್ತದೆ, ಲೆಕ್ಕ ಕೆಡುತ್ತದೆ.

ಪಲ್ಯಕ್ಕೆ ಉಪ್ಪನ್ನು ಕೊನೆಗೆ ಹಾಕಿದರೆ ಮೇಲ್ಮೈಯಲ್ಲೇ ಉಳಿದು ಕಡಿಮೆಗೇ ರುಚಿ ಹತ್ತುತ್ತದೆ. ಪಕ್ಕದಲ್ಲಿ ಉಪ್ಪಿನಕಾಯಿ ಇರುವಾಗ ಗಂಜಿಗೆ ಉಪ್ಪೇ ಬೇಡ. ಬಿಂಬುಳಿ, ಪುನರ್ಪುಳಿ, ಲಿಂಬೆಯ ಹುಳಿ, ಶುಂಠಿ, ಗಾಂಧಾರಿ ಮೆಣಸು, ಕರಿಬೇವಿನ ಒಗ್ಗರಣೆ ಉಪ್ಪಿನ ಕೊರತೆಯನ್ನು ಚೆನ್ನಾಗಿ ಮರೆಸುತ್ತವೆ. ಎಲೆಯ ತುದಿಗೆ ಉಪ್ಪು ಬಡಿಸುವ ಕ್ರಮ ಹಬ್ಬದ ದಿನಕ್ಕಿರಲಿ, ದಿನದ ಊಟಕ್ಕೆ ಉಪ್ಪಿನ ಮರಿಗೆ ಅಡುಗೆ ಮನೆಯಿಂದ ಹೊರಗೆ ಬರುವುದು ಬೇಡ. ಮಳೆಗಾಲದ ಉಪ್ಪು ಸೊಳೆಯನ್ನು (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ) ರಾತ್ರಿ ನೀರಿಗೆ ಹಾಕಿಟ್ಟು, ಬೆಳಗ್ಗೆ ಎರಡು ಸಲ ನೀರು ಬದಲಿಸಿ, ಹಿಂಡಿ, ಒಂದು ಸೊಳೆ ಬಾಯಿಗೆ ಹಾಕಿ ನೋಡಿ. ಇನ್ನೂ ಉಪ್ಪೆನಿಸಿದರೆ ಮತ್ತೆ ನೆನೆಸಿ. ಒಣಮೀನಿಗೂ ಇದೇ ಕ್ರಮ, ಬೇಕಾದರೆ ಫ್ರಿಜ್ಜಿನಲ್ಲಿಟ್ಟು ನೆನೆಸಿ.

ಅಂಗಡಿಯಲ್ಲಿ ಸಿಗುವ ಸೋಡಿಯಂ ಕಡಿಮೆಯ ಉಪ್ಪನ್ನು ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ಕಿಡ್ನಿ ದುರ್ಬಲವಾಗಿರುವವರಿಗೆ, ರಕ್ತದೊತ್ತಡದ ಕೆಲವು ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಹುದು. ಮಾವನವರ ಮಾತ್ರೆಯ ಚೀಟಿ ತೋರಿಸಿ ಡಾಕ್ಟರಲ್ಲಿ ಕೇಳಿ. ಉಪ್ಪು ಇಳಿಯಿತೆಂದು ಮಾತ್ರೆ ನಿಲ್ಲಿಸಲೂಬಾರದು.

ಪ್ರಶ್ನೆ: ಎಂಟು ವರ್ಷದ ಮಗ ತರಕಾರಿ ಮುಟ್ಟುವುದಿಲ್ಲ. ಪಲ್ಯ ತಿಂದರೆ ಚಾಕ್ಲೇಟ್ ಕೊಡುತ್ತೇನೆ ಎಂದರೂ ಆಗುತ್ತಿಲ್ಲ.
– ತಾಯಿ, ಕುಂಬಳೆ

ಉತ್ತರ: ಚಾಕ್ಲೇಟಿನ ಲಂಚ ನಿಲ್ಲಿಸಿ. ಅದರಿಂದ ಮಗು ಕಲಿಯುವುದು ಪಲ್ಯ ಶಿಕ್ಷೆ, ಚಾಕ್ಲೇಟು ಬಹುಮಾನ ಎಂಬುದನ್ನು. ಹೊಸ ರುಚಿ ಒಗ್ಗಲು ಮಕ್ಕಳಿಗೆ ಅದು ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಬಾಯಿಗೆ ಬೀಳಬೇಕು. ಎರಡನೇ ಸಲಕ್ಕೇ ಇವನಿಗೆ ಇದು ಆಗದು ಎಂದು ತೀರ್ಮಾನಿಸಿಬಿಡುವುದು ನಮ್ಮ ಅವಸರ. ಒಂದೇ ತರಕಾರಿ ಆರಿಸಿ, ಅಲಸಂಡೆ ಎಂದಿಟ್ಟುಕೊಳ್ಳಿ. ವಾರಕ್ಕೆ ಮೂರು ದಿನ ತಟ್ಟೆಯಲ್ಲಿ ಒಂದು ಚಮಚ, ಅಷ್ಟೇ. ತಿಂದರೂ ಬಿಟ್ಟರೂ ಮಾತಿಲ್ಲ. ಹಿತ್ತಿಲಲ್ಲಿ ಬಳ್ಳಿ ಇದ್ದರೆ ಕೊಯ್ಯುವ, ಮುರಿಯುವ ಕೆಲಸ ಅವನಿಗೇ ಕೊಡಿ. ದೋಸೆ ಹಿಟ್ಟಿಗೆ ನುಗ್ಗೆಸೊಪ್ಪು, ಸೌತೆಕಾಯಿ ಸೇರಿಸುವುದು ಒಳ್ಳೆಯದೇ, ಆದರೆ ಅಡಗಿಸಿ ಕೊಟ್ಟದ್ದರಿಂದ ಮಾತ್ರ ರುಚಿ ಕಲಿಯಲಾಗದು. ಕಣ್ಣಿಗೆ ಕಾಣುವ ಆ ಒಂದು ಚಮಚ ಇರಲೇಬೇಕು. ಶಾಲೆಯಿಂದ ಬಂದ ಕೂಡಲೇ ಬೇಕರಿಯ ಪಫ್ಸ್ ತಿಂದರೆ ರಾತ್ರಿ ಹಸಿವು ಇರುವುದಿಲ್ಲ. ಆ ಹೊತ್ತಿಗೆ ಹಣ್ಣು, ಅವಲಕ್ಕಿ ಅಥವಾ ಬೇಯಿಸಿದ ಕಡಲೆ ಮೇಜಿನ ಮೇಲೆ ಮೊದಲೇ ಇರಲಿ.

ಪ್ರಶ್ನೆ: ತೆಂಗಿನೆಣ್ಣೆ ಬಿಡಬೇಕೇ? ನಾವು ನಾಲ್ಕು ಮಂದಿ.
– ಪೈವಳಿಕೆ

ಉತ್ತರ: ಬಿಡಬೇಕಾಗಿಲ್ಲ, ಅಳೆಯಬೇಕು. ತೆಂಗಿನೆಣ್ಣೆಯ ಸುಮಾರು 90 ಶೇಕಡಾ ಪರ್ಯಾಪ್ತ ಕೊಬ್ಬು, ಅದು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ 2,000 ಕ್ಯಾಲೊರಿ ಊಟ ಮಾಡುವವರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಸಾಕು. ನಾಲ್ವರಿಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರು. ದಿನಾ ಒಂದು ತೆಂಗಿನಕಾಯಿ ಅರೆಯುವ ಮನೆಯಲ್ಲಿ ಇದಕ್ಕಿಂತ ಕಡಿಮೆಯೇ ಇರಬೇಕು, ಕಾಯಿಯಲ್ಲೂ ಕೊಬ್ಬು ಇದೆಯಲ್ಲ. ಬಾಟಲಿಯಿಂದ ನೇರ ಸುರಿಯುವುದನ್ನು ನಿಲ್ಲಿಸಿ ಒಗ್ಗರಣೆಗೆ ಚಮಚ ಬಳಸಿ. ಈ ತಿಂಗಳಿಗೆ ಅದೊಂದೇ ಬದಲಾವಣೆ ಸಾಕು.

ಪ್ರಶ್ನೆ: ಆಟಿ ತಿಂಗಳ ಮಳೆಯಲ್ಲಿ ತರಕಾರಿ ಮುಟ್ಟಲಾರದ ಬೆಲೆ. ಪಲ್ಯ ಎರಡು ಸೌಟು ಎಲ್ಲಿಂದ ತರುವುದು?
– ಮಂಜೇಶ್ವರ

ಉತ್ತರ: ಹಿತ್ತಿಲಿಗೆ ಇಳಿಯಿರಿ. ತಗಟೆ ಸೊಪ್ಪು ಮಳೆ ಬಿದ್ದ ಕೂಡಲೇ ಬರುತ್ತದೆ, ಎಳತಿರುವಾಗಲೇ ಕೊಯ್ಯಿರಿ. ಬಸಳೆ, ನುಗ್ಗೆ, ಒಂದೆಲಗದ ತಂಬುಳಿ, ಗೊನೆ ಕಡಿದ ಬಾಳೆಯ ದಿಂಡು, ಪೂಂಬೆ (ಬಾಳೆಹೂ), ಒಲೆಯ ಬೂದಿಯಲ್ಲಿ ತೆಗೆದಿಟ್ಟ ಹಲಸಿನ ಬೀಜ. ಬೀಜದಲ್ಲಿ ಪಿಷ್ಟ ಹೆಚ್ಚು, ಅದು ಪಲ್ಯಕ್ಕೆ ಬಂದ ದಿನ ಅನ್ನ ಅಷ್ಟು ಕಡಿಮೆ ಹಾಕಿಕೊಳ್ಳಿ. ಬಾಳೆದಿಂಡನ್ನು ತೆಳುವಾದ ಬಿಲ್ಲೆಗಳಾಗಿ ಕೊರೆಯುತ್ತ, ಪ್ರತಿ ಬಿಲ್ಲೆಯಿಂದ ಎಳೆ ಬರುವ ನೂಲನ್ನು ಬೆರಳಿಗೆ ಸುತ್ತಿ ತೆಗೆದು, ಮಜ್ಜಿಗೆ ನೀರಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಕೆಸುವಿನ ಎಲೆಯ ತುರಿಕೆಗೆ ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಕಾರಣ. ಎಲೆಯಲ್ಲಿ ನೀರಿನ ಪಸೆ ಇಲ್ಲದಿರುವಾಗಲೇ ಕೈಗೆ ಎಣ್ಣೆ ಸವರಿ ಹೆಚ್ಚಿ, ಹುಣಸೆ ಧಾರಾಳ ಹಾಕಿ ಚೆನ್ನಾಗಿ ಬೇಯಿಸಿ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ಕೆಸುವಿನೆಲೆಯ ಪತ್ರೊಡೆಯನ್ನು ವರ್ಷಕ್ಕೆ ಒಂದೆರಡು ಸಲಕ್ಕೆ ನಿಲ್ಲಿಸಿ, ಉಳಿದ ದಿನಗಳಿಗೆ ಬಾಳೆದಿಂಡನ್ನೇ ಆರಿಸಿಕೊಳ್ಳುವುದು ಒಳ್ಳೆಯದು.